ಹಳೆಯ ನಾಲ್ಕು ಚಕ್ರ ಚಾಲನೆಯ ವಾಹನಗಳಲ್ಲಿ ಚಾಲನಾ ವ್ಯವಸ್ಥೆಯ ಶಬ್ದಗಳು: ಮೂಲ ಪತ್ತೆ ಮತ್ತು ಮುನ್ನೆಚ್ಚರಿಕೆ ಕ್ರಮಗಳು

(ವಾಹನ ಮಾಲೀಕರು ಹಾಗೂ ಚಾಲಕರ ಮಾಹಿತಿಗಾಗಿ)

ಪೀಠಿಕೆ

ಕೊಡಗು, ಚಿಕ್ಕಮಗಳೂರು, ಹಾಸನ, ಶಿವಮೊಗ್ಗ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಮಲೆನಾಡು ಭಾಗದಲ್ಲಿ ನಾಲ್ಕು ಚಕ್ರ ಚಾಲನೆಯ ವಾಹನಗಳು ದೈನಂದಿನ ಅವಶ್ಯಕತೆಯಾಗಿವೆ. ಕಾಫಿ ತೋಟಗಳ ಕೆಲಸ, ಅರಣ್ಯ ಗಸ್ತು, ಮಳೆಗಾಲದಲ್ಲಿ ಒಳನಾಡಿನ ಮನೆಗಳಿಗೆ ಸಾಮಾನು ಸಾಗಣೆ, ಕೊಡಚಾದ್ರಿ ಮತ್ತು ಮಾಂದಲ್‌ಪಟ್ಟಿಯಂತಹ ಸ್ಥಳಗಳಿಗೆ ಪ್ರವಾಸಿಗರ ಪ್ರಯಾಣ ಮುಂತಾದವು ಬಹುಮಟ್ಟಿಗೆ ಈ ವಾಹನಗಳನ್ನೇ ಅವಲಂಬಿಸಿವೆ. ಇವುಗಳಲ್ಲಿ ಮಹೀಂದ್ರ ಸಂಸ್ಥೆಯು 1940ರ ದಶಕದ ಕೊನೆಯಿಂದ ಭಾರತದಲ್ಲಿ ಜೋಡಿಸಿ ಮಾರಿದ ವಿಲ್ಲೀಸ್ ಮಾದರಿಯ ಜೀಪುಗಳ ವಂಶದ ವಾಹನಗಳು ಮತ್ತು 1985ರಲ್ಲಿ ಮಾರುಕಟ್ಟೆಗೆ ಬಂದ ಮಾರುತಿ ಜಿಪ್ಸಿ ಪ್ರಮುಖವಾದವು. ಜಿಪ್ಸಿ ವಾಹನದ ಸಾರ್ವಜನಿಕ ಮಾರಾಟವು 2019ರಲ್ಲಿ ನಿಂತಿದೆ. ಆದ್ದರಿಂದ ಇಂದು ರಸ್ತೆಯಲ್ಲಿರುವ ಜಿಪ್ಸಿಗಳೂ ಹಳೆಯ ಮಾದರಿಯ ಜೀಪುಗಳೂ ದೀರ್ಘಕಾಲ ದುಡಿದ ವಾಹನಗಳಾಗಿರುತ್ತವೆ.

ಇಂತಹ ವಾಹನಗಳಲ್ಲಿ ಶಬ್ದ ಸಹಜವೆಂದು ಚಾಲಕರು ಅದನ್ನು ಅಲಕ್ಷಿಸುವುದು ಸಾಮಾನ್ಯ. ಆದರೆ ಚಾಲನಾ ವ್ಯವಸ್ಥೆಯ ಯಾವುದೇ ಭಾಗವು ಸಾಮಾನ್ಯವಾಗಿ ಮುರಿಯುವ ಮುನ್ನ ಶಬ್ದದ ಮೂಲಕ ಸೂಚನೆ ನೀಡುತ್ತದೆ. ಆ ಸೂಚನೆಯನ್ನು ಸರಿಯಾಗಿ ಅರಿತಲ್ಲಿ ಅಪಘಾತವನ್ನು ತಪ್ಪಿಸಬಹುದು ಮತ್ತು ಅನಾವಶ್ಯಕವಾಗಿ ಒಳ್ಳೆಯ ಭಾಗಗಳನ್ನು ಬದಲಾಯಿಸುವ ವೆಚ್ಚವನ್ನೂ ಉಳಿಸಬಹುದು. ಈ ಬಗ್ಗೆ ಅವಶ್ಯಕವಾದ ಮಾಹಿತಿಯನ್ನು ಈ ಕೆಳಗೆ ನೀಡಲಾಗಿದೆ.

ಚಾಲನಾ ವ್ಯವಸ್ಥೆಯ ಪರಿಚಯ

ಎಂಜಿನ್‌ನಲ್ಲಿ ಉತ್ಪತ್ತಿಯಾದ ಶಕ್ತಿಯು ಕ್ಲಚ್ ಮತ್ತು ಗೇರ್ ಬಾಕ್ಸ್ ಮೂಲಕ ಟ್ರಾನ್ಸ್‌ಫರ್ ಕೇಸ್‌ಗೆ ತಲುಪುತ್ತದೆ. ಅಲ್ಲಿಂದ ಹಿಂದಿನ ಮತ್ತು ಮುಂದಿನ ಪ್ರೊಪೆಲ್ಲರ್ ಶಾಫ್ಟ್‌ಗಳ ಮೂಲಕ ಆಯಾ ಆಕ್ಸಲ್‌ನ ಡಿಫರೆನ್ಷಿಯಲ್‌ಗೆ, ಅಲ್ಲಿಂದ ಆಕ್ಸಲ್ ಶಾಫ್ಟ್‌ಗಳ ಮೂಲಕ ಚಕ್ರಗಳಿಗೆ ಹರಿಯುತ್ತದೆ. ಪ್ರೊಪೆಲ್ಲರ್ ಶಾಫ್ಟ್‌ನ ಎರಡು ತುದಿಗಳಲ್ಲಿ ಯೂನಿವರ್ಸಲ್ ಜಾಯಿಂಟ್‌ಗಳಿರುತ್ತವೆ. ಗ್ಯಾರೇಜುಗಳಲ್ಲಿ ಇದರ ಒಳಭಾಗವನ್ನು ‘ಕ್ರಾಸ್’ ಎಂದೂ, ಡಿಫರೆನ್ಷಿಯಲ್ ಇರುವ ಭಾಗವನ್ನು ‘ಹೌಸಿಂಗ್’ ಎಂದೂ ಕರೆಯುವುದು ರೂಢಿ.

ವಿಲ್ಲೀಸ್ ಮಾದರಿಯ ಜೀಪುಗಳಲ್ಲಿ ಟ್ರಾನ್ಸ್‌ಫರ್ ಕೇಸ್ ಗೇರ್ ಬಾಕ್ಸ್‌ನ ಹಿಂಬದಿಗೆ ನೇರವಾಗಿ ಜೋಡಣೆಯಾಗಿರುತ್ತದೆ. ಜಿಪ್ಸಿಯಲ್ಲಿ ಅದು ಪ್ರತ್ಯೇಕವಾಗಿದ್ದು, ಒಂದು ಚಿಕ್ಕ ಶಾಫ್ಟ್ ಗೇರ್ ಬಾಕ್ಸ್‌ನೊಂದಿಗೆ ಅದನ್ನು ಜೋಡಿಸುತ್ತದೆ. ಆದ್ದರಿಂದ ಜಿಪ್ಸಿಯಲ್ಲಿ ಒಟ್ಟು ಮೂರು ಶಾಫ್ಟ್‌ಗಳನ್ನು ಪರಿಶೀಲಿಸಬೇಕಾಗುತ್ತದೆ.

ಈ ಎರಡೂ ಬಗೆಯ ವಾಹನಗಳಲ್ಲಿ ಮುಂದಿನ ಚಕ್ರಗಳಿಗೆ ಚಾಲನೆಯನ್ನು ಅಗತ್ಯವಿದ್ದಾಗ ಮಾತ್ರ ಲಿವರ್ ಮೂಲಕ ನೀಡಲಾಗುತ್ತದೆ. ಆಡುಮಾತಿನಲ್ಲಿ ಇದಕ್ಕೆ ‘ಫೋರ್ ವೀಲ್ ಹಾಕುವುದು’ ಎನ್ನುತ್ತಾರೆ. ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ ವೇಗದ ವ್ಯತ್ಯಾಸವನ್ನು ಸರಿದೂಗಿಸುವ ಸಾಧನ ಇವುಗಳಲ್ಲಿ ಇರುವುದಿಲ್ಲ.

ಶಬ್ದವನ್ನು ಅಲಕ್ಷಿಸುವುದರ ಅಪಾಯ

ಘಟ್ಟದ ಇಳಿಜಾರಿನಲ್ಲಿ ವಾಹನವನ್ನು ಹಿಡಿದಿಡುವುದು ಬ್ರೇಕ್ ಮಾತ್ರವಲ್ಲ. ಕೆಳ ಗೇರಿನಲ್ಲಿ ಎಂಜಿನ್ ಸಹ ವಾಹನವನ್ನು ತಡೆಯುತ್ತದೆ. ಎಂಜಿನ್‌ಗೂ ಚಕ್ರಗಳಿಗೂ ನಡುವಿನ ಏಕೈಕ ಸಂಪರ್ಕ ಪ್ರೊಪೆಲ್ಲರ್ ಶಾಫ್ಟ್. ಎರಡು ಚಕ್ರಗಳ ಚಾಲನೆಯಲ್ಲಿ ಇಳಿಯುತ್ತಿರುವ ವಾಹನದ ಹಿಂದಿನ ಶಾಫ್ಟ್‌ನ ಜಾಯಿಂಟ್ ತುಂಡಾದಲ್ಲಿ, ಆ ಕ್ಷಣವೇ ಎಂಜಿನ್ನಿನ ತಡೆ ಇಲ್ಲವಾಗುತ್ತದೆ.

ವಿಲ್ಲೀಸ್ ಮಾದರಿಯ ಹಳೆಯ ಜೀಪುಗಳಲ್ಲಿ ಇನ್ನೂ ಒಂದು ಅಪಾಯವಿದೆ. ಇವುಗಳಲ್ಲಿ ಹ್ಯಾಂಡ್ ಬ್ರೇಕ್ ಹಿಂದಿನ ಚಕ್ರಗಳ ಮೇಲೆ ಕೆಲಸ ಮಾಡುವುದಿಲ್ಲ. ಅದರ ಡ್ರಮ್ ಟ್ರಾನ್ಸ್‌ಫರ್ ಕೇಸ್‌ನ ಹಿಂಬದಿಯಲ್ಲಿದ್ದು, ಪ್ರೊಪೆಲ್ಲರ್ ಶಾಫ್ಟ್‌ನ ಮೂಲಕವೇ ಚಕ್ರಗಳನ್ನು ಹಿಡಿಯುತ್ತದೆ. ಆದಕಾರಣ ಹಿಂದಿನ ಶಾಫ್ಟ್ ತುಂಡಾದಲ್ಲಿ ಎಂಜಿನ್ನಿನ ತಡೆಯೂ ಹ್ಯಾಂಡ್ ಬ್ರೇಕೂ ಒಟ್ಟಿಗೆ ಇಲ್ಲವಾಗುತ್ತವೆ. ಶಾಫ್ಟ್‌ನ ಮುಂತುದಿ ಕಳಚಿ ನೆಲಕ್ಕೆ ತಾಗಿದಲ್ಲಿ ಅದು ರಸ್ತೆಯ ಗುಂಡಿಗೆ ಸಿಕ್ಕಿ ವಾಹನವನ್ನೇ ಎತ್ತಿ ಹಾಕುವ ಸಂಭವವಿರುತ್ತದೆ. ‘ಟಕ್’ ಎಂಬ ಸಣ್ಣ ಶಬ್ದಕ್ಕೆ ಮಹತ್ವ ನೀಡಬೇಕಾದುದು ಈ ಕಾರಣದಿಂದ.

ಮೂಲ ಪತ್ತೆಗೆ ಐದು ಪ್ರಶ್ನೆಗಳು

ಶಬ್ದ ಎಲ್ಲಿಂದ ಬರುತ್ತಿದೆ ಎಂದು ಕಿವಿಯಿಂದ ಮಾತ್ರ ನಿರ್ಧರಿಸುವುದು ಕಷ್ಟ. ಲೋಹದ ಚಾಸಿಯ ಮೂಲಕ ಶಬ್ದ ಹರಿದು ಬೇರೆಡೆ ಕೇಳಿಸುತ್ತದೆ. ಆದ್ದರಿಂದ ಶಬ್ದ ಯಾವುದರೊಂದಿಗೆ ಬದಲಾಗುತ್ತದೆ ಎಂಬುದನ್ನು ಗಮನಿಸತಕ್ಕದ್ದು. ಸಮತಟ್ಟಾದ, ಸಂಚಾರವಿಲ್ಲದ ರಸ್ತೆಯಲ್ಲಿ, ಜೊತೆಗೊಬ್ಬರನ್ನು ಕೂರಿಸಿಕೊಂಡು ಈ ಕೆಳಕಂಡ ಪರೀಕ್ಷೆಗಳನ್ನು ನಡೆಸಬಹುದು. ಈ ಪರೀಕ್ಷೆಗಳನ್ನು ಯಾವುದೇ ಕಾರಣಕ್ಕೂ ಘಟ್ಟದ ರಸ್ತೆಯಲ್ಲಿ ನಡೆಸಬಾರದು.

1. ವಾಹನ ನಿಂತಿರುವಾಗ ಶಬ್ದ ಇದೆಯೇ? ನ್ಯೂಟ್ರಲ್‌ನಲ್ಲಿ ಎಂಜಿನ್ ಚಾಲೂ ಇರುವಾಗ ಕೇಳಿಬರುವ ಗರಗರ ಶಬ್ದವು ಕ್ಲಚ್ ತುಳಿದೊಡನೆ ನಿಂತಲ್ಲಿ ಗೇರ್ ಬಾಕ್ಸ್‌ನ ಮುಂಭಾಗದ ಬೇರಿಂಗ್ ಸವೆದಿರುವ ಸಾಧ್ಯತೆ ಇದೆ. ಇದಕ್ಕೆ ವಿರುದ್ಧವಾಗಿ, ಕ್ಲಚ್ ತುಳಿದಾಗ ಮಾತ್ರ ಶಬ್ದ ಬಂದಲ್ಲಿ ಕ್ಲಚ್ ರಿಲೀಸ್ ಬೇರಿಂಗ್ ಸವೆದಿರಬಹುದು.

2. ಶಬ್ದ ಎಂಜಿನ್ ವೇಗವನ್ನು ಅನುಸರಿಸುತ್ತದೆಯೇ, ವಾಹನದ ವೇಗವನ್ನು ಅನುಸರಿಸುತ್ತದೆಯೇ? ಗಂಟೆಗೆ 40 ಕಿ.ಮೀ. ವೇಗದಲ್ಲಿ ಒಮ್ಮೆ ಮೂರನೇ ಗೇರಿನಲ್ಲಿ, ಒಮ್ಮೆ ನಾಲ್ಕನೇ ಗೇರಿನಲ್ಲಿ ಚಲಿಸಬೇಕು. ಶಬ್ದದ ಸ್ಥಾಯಿ ಬದಲಾಗದೆ ಉಳಿದಲ್ಲಿ ಮೂಲವು ಗೇರ್ ಬಾಕ್ಸ್‌ನಿಂದ ಹಿಂದಕ್ಕೆ, ಅಂದರೆ ಟ್ರಾನ್ಸ್‌ಫರ್ ಕೇಸ್, ಶಾಫ್ಟ್, ಡಿಫರೆನ್ಷಿಯಲ್ ಅಥವಾ ಚಕ್ರದಲ್ಲಿದೆ ಎಂದು ತಿಳಿಯಬೇಕು. ಕೆಳ ಗೇರುಗಳಲ್ಲಿ ಶಬ್ದವಿದ್ದು ನಾಲ್ಕನೇ ಗೇರಿನಲ್ಲಿ ಬಹುಮಟ್ಟಿಗೆ ತಗ್ಗಿದಲ್ಲಿ ಗೇರ್ ಬಾಕ್ಸ್‌ನ ಒಳಗಿನ ಲೇ ಶಾಫ್ಟ್‌ನ ಬೇರಿಂಗ್‌ಗಳನ್ನು ಪರಿಶೀಲಿಸಬೇಕು. ನೇರ ಚಾಲನೆಯ ಗೇರಿನಲ್ಲಿ ಈ ಶಾಫ್ಟ್ ಮೇಲೆ ಭಾರ ಬೀಳದಿರುವುದೇ ಶಬ್ದ ತಗ್ಗಲು ಕಾರಣ.

3. ಆಕ್ಸಲರೇಟರ್ ಒತ್ತಿದಾಗ ಮತ್ತು ಬಿಟ್ಟಾಗ ಶಬ್ದ ಬದಲಾಗುತ್ತದೆಯೇ? ಬದಲಾದಲ್ಲಿ ಮೂಲವು ಭಾರ ಹೊರುವ ಗೇರ್ ಹಲ್ಲುಗಳಲ್ಲಿ ಅಥವಾ ಅವುಗಳ ಬೇರಿಂಗ್‌ಗಳಲ್ಲಿದೆ. ಬದಲಾಗದೆ ಒಂದೇ ಸಮನೆ ಇದ್ದಲ್ಲಿ ಚಕ್ರದ ಬೇರಿಂಗ್ ಅಥವಾ ಟೈರ್ ಅನ್ನು ಶಂಕಿಸಬೇಕು.

4. ಸ್ಟಿಯರಿಂಗ್ ತಿರುಗಿಸಿದಾಗ ಶಬ್ದ ಬದಲಾಗುತ್ತದೆಯೇ? ಬಲಕ್ಕೆ ತಿರುಗುವಾಗ ವಾಹನದ ಭಾರ ಎಡಬದಿಯ ಚಕ್ರಗಳ ಮೇಲೆ ಬೀಳುತ್ತದೆ. ಆಗ ಶಬ್ದ ಹೆಚ್ಚಾದಲ್ಲಿ ಎಡಬದಿಯ ಬೇರಿಂಗ್ ಅನ್ನೂ, ಎಡಕ್ಕೆ ತಿರುಗುವಾಗ ಹೆಚ್ಚಾದಲ್ಲಿ ಬಲಬದಿಯ ಬೇರಿಂಗ್ ಅನ್ನೂ ಮೊದಲು ಪರಿಶೀಲಿಸಬೇಕು.

5. ರಸ್ತೆಯ ಮೇಲ್ಮೈ ಬದಲಾದಾಗ ಶಬ್ದ ಬದಲಾಗುತ್ತದೆಯೇ? ಡಾಂಬರು ರಸ್ತೆಯಿಂದ ಕಾಂಕ್ರೀಟ್ ರಸ್ತೆಗೆ ಅಥವಾ ಮಣ್ಣಿನ ರಸ್ತೆಗೆ ಇಳಿದಾಗ ಶಬ್ದದ ಸ್ವರೂಪವೇ ಬದಲಾದಲ್ಲಿ ಅದು ಟೈರಿನ ಶಬ್ದ. ದಪ್ಪ ಗುಬ್ಬಿಯ ಟೈರುಗಳು ಅಸಮವಾಗಿ ಸವೆದಾಗ ಬರುವ ಮೊರೆತವನ್ನು ಡಿಫರೆನ್ಷಿಯಲ್‌ನ ದೋಷವೆಂದು ತಪ್ಪಾಗಿ ತಿಳಿದು ಹೌಸಿಂಗ್ ಬಿಚ್ಚಿಸುವ ಸಂದರ್ಭಗಳು ಅಪರೂಪವಲ್ಲ.

ಶಬ್ದವನ್ನು ಎಣಿಸುವ ಸರಳ ವಿಧಾನ

ಈ ವಾಹನಗಳ ಡಿಫರೆನ್ಷಿಯಲ್‌ನಲ್ಲಿ ಚಕ್ರವು ಒಂದು ಸುತ್ತು ತಿರುಗುವಷ್ಟರಲ್ಲಿ ಪ್ರೊಪೆಲ್ಲರ್ ಶಾಫ್ಟ್ ಸುಮಾರು ನಾಲ್ಕರಿಂದ ಐದು ಸುತ್ತು ತಿರುಗುತ್ತದೆ. ಟೈರಿನ ಸುತ್ತಳತೆ ಎರಡು ಮೀಟರಿಗಿಂತ ಸ್ವಲ್ಪ ಹೆಚ್ಚಿರುವುದರಿಂದ, ಗಂಟೆಗೆ ಸುಮಾರು 8 ಕಿ.ಮೀ. ವೇಗದಲ್ಲಿ ಚಕ್ರವು ಸೆಕೆಂಡಿಗೆ ಒಂದು ಸುತ್ತು ತಿರುಗುತ್ತದೆ. ಈ ನಿಧಾನ ವೇಗದಲ್ಲಿ ಸೆಕೆಂಡಿಗೆ ಒಮ್ಮೆ ಶಬ್ದ ಬಂದಲ್ಲಿ ದೋಷ ಚಕ್ರದಲ್ಲಿ, ಬ್ರೇಕ್ ಡ್ರಮ್‌ನಲ್ಲಿ ಅಥವಾ ಆಕ್ಸಲ್ ಶಾಫ್ಟ್‌ನಲ್ಲಿದೆ. ಸೆಕೆಂಡಿಗೆ ನಾಲ್ಕೈದು ಬಾರಿ ಬಂದಲ್ಲಿ ಪ್ರೊಪೆಲ್ಲರ್ ಶಾಫ್ಟ್ ಅಥವಾ ಪಿನಿಯನ್ ಭಾಗದಲ್ಲಿದೆ. ಯಾವ ಉಪಕರಣವೂ ಇಲ್ಲದೆ ನಡೆಸಬಹುದಾದ ಈ ಪರೀಕ್ಷೆಯಿಂದ ಹುಡುಕಾಟದ ವ್ಯಾಪ್ತಿ ಬಹಳಷ್ಟು ಕಡಿಮೆಯಾಗುತ್ತದೆ.

ಶಬ್ದಗಳ ವಿಧಗಳು ಮತ್ತು ಸಂಭವನೀಯ ಕಾರಣಗಳು

ಅ) ನಿಧಾನ ವೇಗದಲ್ಲಿ ಕಿಚಕಿಚ ಶಬ್ದ: ಯೂನಿವರ್ಸಲ್ ಜಾಯಿಂಟ್‌ನ ಸೂಜಿ ಬೇರಿಂಗ್‌ಗಳಲ್ಲಿ ಗ್ರೀಸ್ ಒಣಗಿರುವುದರ ಲಕ್ಷಣ. ಜಾಯಿಂಟ್‌ನ ಅಂಚಿನಲ್ಲಿ ಕೆಂಪು ತುಕ್ಕಿನ ಪುಡಿ ಕಂಡುಬಂದಲ್ಲಿ ಗ್ರೀಸ್ ಹಾಕಿದರೆ ಸಾಲದು, ಕ್ರಾಸ್ ಬದಲಾಯಿಸುವುದು ಅವಶ್ಯಕ.

ಆ) ವಾಹನ ಹೊರಡುವಾಗ, ಗೇರ್ ಬದಲಾಯಿಸುವಾಗ ಅಥವಾ ಮುಂದಿನಿಂದ ರಿವರ್ಸ್‌ಗೆ ಹಾಕುವಾಗ ‘ಟಕ್’ ಶಬ್ದ: ಯೂನಿವರ್ಸಲ್ ಜಾಯಿಂಟ್ ಸವೆತ, ಶಾಫ್ಟ್‌ನ ಜಾರುವ ಭಾಗದ ಹಲ್ಲುಗಳ ಸವೆತ, ಫ್ಲ್ಯಾಂಜ್ ಬೋಲ್ಟ್‌ಗಳ ಸಡಿಲಿಕೆ ಅಥವಾ ಡಿಫರೆನ್ಷಿಯಲ್‌ನ ಗೇರ್‌ಗಳಲ್ಲಿ ಅಂತರ ಹೆಚ್ಚಿರುವುದು ಕಾರಣವಾಗಿರಬಹುದು. ಲೀಫ್ ಸ್ಪ್ರಿಂಗ್ ಅನ್ನು ಆಕ್ಸಲ್‌ಗೆ ಬಿಗಿಯುವ ಯು ಬೋಲ್ಟ್‌ಗಳು ಸಡಿಲಗೊಂಡಾಗಲೂ, ಗೇರ್ ಬಾಕ್ಸ್ ಅಥವಾ ಟ್ರಾನ್ಸ್‌ಫರ್ ಕೇಸ್‌ನ ರಬ್ಬರ್ ಮೌಂಟಿಂಗ್‌ಗಳು ಹರಿದಾಗಲೂ ಇದೇ ಬಗೆಯ ಶಬ್ದ ಬರುತ್ತದೆ. ಕಡಿಮೆ ವೆಚ್ಚದ ಇವೆರಡನ್ನು ಮೊದಲು ಪರಿಶೀಲಿಸಿ, ನಂತರ ಡಿಫರೆನ್ಷಿಯಲ್ ಕಡೆಗೆ ಗಮನ ಹರಿಸುವುದು ಸೂಕ್ತ.

ಇ) ಆಕ್ಸಲರೇಟರ್ ಒತ್ತಿದಾಗ ಅಥವಾ ಬಿಟ್ಟಾಗ ಹಿಂಬದಿಯಿಂದ ಕೊಳಲಿನಂತೆ ಎಳೆಯುವ ಶಬ್ದ: ಕ್ರೌನ್ ವೀಲ್ ಮತ್ತು ಪಿನಿಯನ್ ಹಲ್ಲುಗಳು ಒಂದರೊಡನೊಂದು ಕೂಡುವ ಸ್ಥಾನ ತಪ್ಪಿರುವುದು ಅಥವಾ ಪಿನಿಯನ್ ಬೇರಿಂಗ್ ಸವೆದಿರುವುದು ಕಾರಣ. ಹೌಸಿಂಗ್‌ನಲ್ಲಿ ಎಣ್ಣೆ ಕಡಿಮೆಯಾದಾಗಲೂ ಇದೇ ಶಬ್ದ ಆರಂಭವಾಗುವುದರಿಂದ ಮೊದಲು ಎಣ್ಣೆಯ ಮಟ್ಟವನ್ನು ನೋಡತಕ್ಕದ್ದು.

ಈ) ನಿರ್ದಿಷ್ಟ ವೇಗದಲ್ಲಿ ಮಾತ್ರ ಕಂಪನ ಮತ್ತು ಮೊರೆತ: ಪ್ರೊಪೆಲ್ಲರ್ ಶಾಫ್ಟ್ ಕಲ್ಲಿಗೆ ತಾಗಿ ಬಾಗಿರುವುದು, ಅದರ ಮೇಲೆ ಗಟ್ಟಿ ಮಣ್ಣು ಹಿಡಿದಿರುವುದು, ಸಮತೋಲನದ ತೂಕದ ಬಿಲ್ಲೆ ಕಳಚಿರುವುದು ಅಥವಾ ಜೋಡಿಸುವಾಗ ಶಾಫ್ಟ್‌ನ ಎರಡು ತುಂಡುಗಳ ಗುರುತು ಹೊಂದದಿರುವುದು ಕಾರಣ. ಶಾಫ್ಟ್ ಬಿಚ್ಚಿ ಜೋಡಿಸಿದ ನಂತರ ಕಂಪನ ಆರಂಭವಾಗಿದ್ದಲ್ಲಿ ಎರಡು ತುದಿಯ ಯೋಕ್‌ಗಳು ಒಂದೇ ನೇರದಲ್ಲಿವೆಯೇ ಎಂದು ಮೊದಲು ಪರಿಶೀಲಿಸಬೇಕು.

ಉ) ಸ್ಟಿಯರಿಂಗ್ ಪೂರ್ಣ ತಿರುಗಿಸಿ ನಾಲ್ಕು ಚಕ್ರ ಚಾಲನೆಯಲ್ಲಿ ಹೋಗುವಾಗ ಮುಂಬದಿಯಲ್ಲಿ ಚಟಚಟ ಶಬ್ದ: ಮುಂದಿನ ಆಕ್ಸಲ್‌ನ ತುದಿಯಲ್ಲಿರುವ ಜಾಯಿಂಟ್‌ಗಳು ಸವೆದಿರುವ ಲಕ್ಷಣ. ಶಬ್ದ ಯಾವ ಬದಿಯಲ್ಲಿ ಬರುತ್ತದೆ ಎಂಬುದನ್ನು ಹೊರಗೆ ಸುರಕ್ಷಿತ ದೂರದಲ್ಲಿ ನಿಂತವರು ಗುರುತಿಸುವುದು ಉತ್ತಮ.

ಊ) ಒಂದೇ ಸಮನೆ ಗುಂಯ್‌ಗುಡುವ ಅಥವಾ ಗರಗರ ಶಬ್ದ: ಚಕ್ರದ ಬೇರಿಂಗ್ ಸವೆತ. ನಿಲ್ಲಿಸಿದ ನಂತರ ಒಂದು ಚಕ್ರದ ಹಬ್ ಉಳಿದವುಗಳಿಗಿಂತ ಹೆಚ್ಚು ಬಿಸಿಯಾಗಿದ್ದಲ್ಲಿ ಶಂಕೆ ಬಲಗೊಳ್ಳುತ್ತದೆ. ಬ್ರೇಕ್ ಹಿಡಿದುಕೊಂಡಿದ್ದರೂ ಹಬ್ ಬಿಸಿಯಾಗುವುದರಿಂದ ಎರಡನ್ನೂ ಪರಿಶೀಲಿಸಬೇಕು. ಕೈ ಸುಡುವ ಸಾಧ್ಯತೆಯಿರುವುದರಿಂದ ಹಬ್ ಅನ್ನು ನೇರವಾಗಿ ಮುಟ್ಟದೆ, ಅಂಗೈಯನ್ನು ಹತ್ತಿರ ಹಿಡಿದು ಬಿಸಿಯನ್ನು ಅಂದಾಜು ಮಾಡಬೇಕು.

ದೋಷ ಮುಂಬದಿಯಲ್ಲಿದೆಯೇ ಎಂಬುದನ್ನು ತಿಳಿಯುವುದು

ಮುಂದಿನ ಚಕ್ರಗಳಲ್ಲಿ ಕೈಯಿಂದ ತಿರುಗಿಸುವ ಫ್ರೀವೀಲಿಂಗ್ ಹಬ್ ಇರುವ ವಾಹನಗಳಲ್ಲಿ ಒಂದು ಅನುಕೂಲವಿದೆ. ಎರಡು ಚಕ್ರಗಳ ಚಾಲನೆಯಲ್ಲಿ ಎರಡೂ ಹಬ್‌ಗಳನ್ನು ‘ಫ್ರೀ’ ಸ್ಥಾನಕ್ಕೆ ತಂದಾಗ ಮುಂದಿನ ಆಕ್ಸಲ್ ಶಾಫ್ಟ್, ಡಿಫರೆನ್ಷಿಯಲ್ ಮತ್ತು ಪ್ರೊಪೆಲ್ಲರ್ ಶಾಫ್ಟ್ ತಿರುಗುವುದಿಲ್ಲ. ‘ಲಾಕ್’ ಸ್ಥಾನದಲ್ಲಿದ್ದಾಗ ಅವು ಚಕ್ರಗಳೊಂದಿಗೆ ತಿರುಗುತ್ತವೆ. ಒಂದೇ ರಸ್ತೆಯಲ್ಲಿ, ಒಂದೇ ವೇಗದಲ್ಲಿ ಎರಡೂ ಸ್ಥಾನಗಳಲ್ಲಿ ಚಲಿಸಿ ನೋಡಬೇಕು. ‘ಫ್ರೀ’ ಸ್ಥಾನದಲ್ಲಿ ಶಬ್ದ ನಿಂತಲ್ಲಿ ದೋಷ ಮುಂದಿನ ಚಾಲನಾ ಭಾಗದಲ್ಲಿದೆ ಎಂಬುದು ಖಚಿತ. ಶಬ್ದ ಹಾಗೆಯೇ ಉಳಿದಲ್ಲಿ ಹಿಂಬದಿಯನ್ನು, ಟ್ರಾನ್ಸ್‌ಫರ್ ಕೇಸ್ ಅನ್ನು ಮತ್ತು ಚಕ್ರದ ಬೇರಿಂಗ್‌ಗಳನ್ನು ಪರಿಶೀಲಿಸಬೇಕು.

ಒಣ ಡಾಂಬರು ರಸ್ತೆಯಲ್ಲಿ ನಾಲ್ಕು ಚಕ್ರ ಚಾಲನೆ

ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನ ಚಕ್ರಗಳಿಗಿಂತ ಹೆಚ್ಚು ದೂರ ಕ್ರಮಿಸುತ್ತವೆ. ಕೆಸರಿನಲ್ಲಿ ಚಕ್ರಗಳು ಸ್ವಲ್ಪ ಜಾರಿ ಈ ವ್ಯತ್ಯಾಸ ಸರಿಹೋಗುತ್ತದೆ. ಒಣ ಡಾಂಬರಿನ ಮೇಲೆ ಜಾರಲು ಅವಕಾಶವಿಲ್ಲದ ಕಾರಣ ಶಾಫ್ಟ್ ಮತ್ತು ಗೇರ್‌ಗಳು ತಿರುಚಿದಂತಾಗಿ ಬಿಗಿಯುತ್ತವೆ. ಸ್ಟಿಯರಿಂಗ್ ಭಾರವಾಗುವುದು, ಬ್ರೇಕ್ ಹಿಡಿದಂತೆ ವಾಹನ ಎಳೆಯುವುದು, ‘ಧಡ್’ ಎಂಬ ಶಬ್ದ ಬರುವುದು ಮತ್ತು ಲಿವರ್ ಹೊರಬರದಿರುವುದು ಇದರ ಲಕ್ಷಣಗಳು. ಆಗ ಲಿವರ್ ಅನ್ನು ಬಲವಂತವಾಗಿ ಎಳೆಯದೆ, ಸಮತಟ್ಟಾದ ಜಾಗದಲ್ಲಿ ವಾಹನವನ್ನು ನೇರವಾಗಿ ಕೆಲವು ಮೀಟರ್ ಹಿಂದಕ್ಕೆ ನಡೆಸಿದಲ್ಲಿ ಬಿಗಿತ ಸಡಿಲಗೊಳ್ಳುತ್ತದೆ.

ನಾಲ್ಕೂ ಟೈರುಗಳು ಒಂದೇ ಅಳತೆಯವಾಗಿರದಿದ್ದಲ್ಲಿ ನೇರ ರಸ್ತೆಯಲ್ಲಿಯೂ ಇದೇ ಬಿಗಿತ ಉಂಟಾಗುತ್ತದೆ. ನಾಲ್ಕೂ ಚಕ್ರಗಳಿಗೆ ಸದಾ ಅಥವಾ ಸ್ವಯಂಚಾಲಿತವಾಗಿ ಚಾಲನೆ ನೀಡುವ ಇತ್ತೀಚಿನ ಮಾದರಿಯ ಕಾರುಗಳಿಗೂ ಈ ಮಾತು ಅನ್ವಯಿಸುತ್ತದೆ. ಅವುಗಳಲ್ಲಿ ಎರಡು ಹೊಸ ಮತ್ತು ಎರಡು ಸವೆದ ಟೈರುಗಳನ್ನು ಬಳಸಿದಲ್ಲಿ ಆಕ್ಸಲ್‌ಗಳ ನಡುವಿನ ಜೋಡಣೆ ಸತತವಾಗಿ ದುಡಿದು ಬಿಸಿಯಾಗಿ ಹಾಳಾಗುತ್ತದೆ.

ಹಳ್ಳ ದಾಟುವುದು ಮತ್ತು ಎಣ್ಣೆಯ ಪರೀಕ್ಷೆ

ಓಡಿ ಬಿಸಿಯಾದ ಹೌಸಿಂಗ್ ಹಳ್ಳದ ತಣ್ಣೀರಿನಲ್ಲಿ ಮುಳುಗಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಆಗ ಗಾಳಿರಂಧ್ರದ ಮೂಲಕ ಅಥವಾ ಸವೆದ ಆಯಿಲ್ ಸೀಲ್ ಮೂಲಕ ನೀರು ಒಳಸೇರುತ್ತದೆ. ನೀರು ಬೆರೆತ ಎಣ್ಣೆ ಹಾಲು ಬೆರೆಸಿದ ಕಾಫಿಯಂತೆ ಕಾಣುತ್ತದೆ. ಇಂತಹ ಎಣ್ಣೆ ಬೇರಿಂಗ್‌ಗಳನ್ನು ರಕ್ಷಿಸಲಾರದು, ಕೂಡಲೇ ಬದಲಾಯಿಸಬೇಕು. ಮಳೆಗಾಲದಲ್ಲಿ ಆಳವಾದ ಹಳ್ಳ ದಾಟಿದ ವಾಹನಗಳ ಎಣ್ಣೆಯನ್ನು ಶಬ್ದ ಬರುವವರೆಗೆ ಕಾಯದೆ ಪರೀಕ್ಷಿಸುವುದು ಒಳಿತು.

ಎಣ್ಣೆ ಇಳಿಸಿದಾಗ ಅದನ್ನು ಸ್ವಚ್ಛವಾದ ಬಿಳಿ ಬಟ್ಟೆಯ ಮೇಲೆ ಸುರಿದು ನೋಡಬೇಕು. ಡ್ರೈನ್ ಬೋಲ್ಟ್‌ನ ಅಯಸ್ಕಾಂತದ ಮೇಲಿನ ನುಣುಪಾದ ಬೂದು ಪೇಸ್ಟ್ ಸಾಮಾನ್ಯ ಸವೆತದ್ದು. ಹೊಳೆಯುವ ಚಕ್ಕೆಗಳು, ಹಲ್ಲಿನ ತುಂಡುಗಳು ಅಥವಾ ಸೂಜಿಯಂತಹ ಚೂರುಗಳು ಕಂಡುಬಂದಲ್ಲಿ ವಾಹನವನ್ನು ಓಡಿಸದೆ ಭಾಗವನ್ನು ಬಿಚ್ಚಿಸಬೇಕು. ಗೇರ್ ಬಾಕ್ಸ್ ಮತ್ತು ಡಿಫರೆನ್ಷಿಯಲ್‌ಗೆ ಬೇಕಾಗುವ ಎಣ್ಣೆಯ ದರ್ಜೆಗಳು ಬೇರೆಯಾಗಿರಬಹುದಾದ್ದರಿಂದ ತಯಾರಕರ ಕೈಪಿಡಿಯಲ್ಲಿ ಸೂಚಿಸಿದ ದರ್ಜೆಯನ್ನೇ ಬಳಸತಕ್ಕದ್ದು. ಶಬ್ದ ಅಡಗಿಸಲು ಎಣ್ಣೆಗೆ ಬೇರೆ ಪದಾರ್ಥಗಳನ್ನು ಸೇರಿಸುವುದು ದೋಷವನ್ನು ಮರೆಮಾಚುತ್ತದೆಯೇ ಹೊರತು ನಿವಾರಿಸುವುದಿಲ್ಲ.

ವಾಹನದ ಕೆಳಗೆ ಪರೀಕ್ಷಿಸುವಾಗ ಸುರಕ್ಷತೆ

ಸಮತಟ್ಟಾದ ನೆಲದಲ್ಲಿ ಎಂಜಿನ್ ನಿಲ್ಲಿಸಿ, ಚಕ್ರಗಳಿಗೆ ಎರಡೂ ಕಡೆ ಅಡೆ ಇಟ್ಟು, ನ್ಯೂಟ್ರಲ್‌ಗೆ ತಂದ ನಂತರ ಶಾಫ್ಟ್ ಅನ್ನು ಕೈಯಿಂದ ತಿರುಗಿಸಿ, ಮೇಲೆ ಕೆಳಗೆ ಅಲುಗಿಸಿ ನೋಡಬೇಕು. ಜಾಯಿಂಟ್‌ನ ಎರಡು ಭಾಗಗಳ ನಡುವೆ ಕಣ್ಣಿಗೆ ಕಾಣುವಷ್ಟು ಚಲನೆ ಇದ್ದಲ್ಲಿ ಅದು ಸವೆದಿದೆ ಎಂದರ್ಥ. ಈ ಸಂದರ್ಭದಲ್ಲಿ ಕೆಳಕಂಡ ಅಂಶಗಳನ್ನು ಕಡ್ಡಾಯವಾಗಿ ಪಾಲಿಸಬೇಕು.

1. ಶಾಫ್ಟ್ ಮೇಲೆ ಹ್ಯಾಂಡ್ ಬ್ರೇಕ್ ಇರುವ ಜೀಪುಗಳಲ್ಲಿ ಹಿಂದಿನ ಒಂದು ಚಕ್ರವನ್ನು ಜಾಕ್ ಮೇಲೆ ಎತ್ತಿದಲ್ಲಿ ಹ್ಯಾಂಡ್ ಬ್ರೇಕ್ ವಾಹನವನ್ನು ಹಿಡಿಯಲಾರದು. ಎತ್ತಿದ ಚಕ್ರ ಹಿಮ್ಮುಖವಾಗಿ ತಿರುಗಿ ನೆಲದ ಮೇಲಿನ ಚಕ್ರ ಉರುಳಲು ಡಿಫರೆನ್ಷಿಯಲ್ ಅವಕಾಶ ನೀಡುತ್ತದೆ. ಉಳಿದ ಚಕ್ರಗಳಿಗೆ ಅಡೆ ಇಡುವುದೊಂದೇ ರಕ್ಷಣೆ.

2. ಜಾಕ್ ಒಂದನ್ನೇ ನಂಬಿ ವಾಹನದ ಕೆಳಗೆ ಹೋಗಬಾರದು. ಗಟ್ಟಿಯಾದ ಸ್ಟ್ಯಾಂಡ್‌ಗಳನ್ನು ಬಳಸಬೇಕು.

3. ಕೆಲವು ಚಕ್ರಗಳು ಮಾತ್ರ ಮೇಲೆತ್ತಿರುವಾಗ ಎಂಜಿನ್ ಚಾಲೂ ಮಾಡಿ ಗೇರ್ ಹಾಕಬಾರದು. ನೆಲಕ್ಕೆ ತಾಗಿರುವ ಚಕ್ರಕ್ಕೆ ಚಾಲನೆ ದೊರೆತು ವಾಹನ ಜಾಕ್‌ನಿಂದ ಜಾರಿ ಬೀಳಬಹುದು.

4. ತಿರುಗುತ್ತಿರುವ ಶಾಫ್ಟ್‌ನ ಬಳಿ ಸೀರೆ, ಪಂಚೆ, ಶಾಲು ಮುಂತಾದ ಸಡಿಲ ಉಡುಪು ಧರಿಸಿ ನಿಲ್ಲಬಾರದು.

ಕೂಡಲೇ ವಾಹನ ನಿಲ್ಲಿಸಬೇಕಾದ ಸಂದರ್ಭಗಳು

1. ಹಠಾತ್ತನೆ ಆರಂಭವಾಗಿ ವೇಗದೊಂದಿಗೆ ಹೆಚ್ಚುವ ತೀವ್ರ ಕಂಪನ.
2. ನೆಲದ ಹಲಗೆಗೆ ಬಡಿದಂತೆ ಕೇಳಿಬರುವ ಲೋಹದ ಹೊಡೆತ.
3. ಒಂದು ಚಕ್ರ ಅಥವಾ ಹಬ್ ಅತಿಯಾಗಿ ಬಿಸಿಯಾಗಿ ಗ್ರೀಸ್ ಸುಟ್ಟ ವಾಸನೆ ಬರುವುದು.
4. ಹೌಸಿಂಗ್‌ನಿಂದ ಹಲ್ಲು ಮುರಿದಂತೆ ಕಟಕಟ ಶಬ್ದ.
5. ಚಕ್ರ ಅಲುಗಾಡುವುದು ಅಥವಾ ಬ್ರೇಕ್ ಪೆಡಲ್ ಕಾರಣವಿಲ್ಲದೆ ಕೆಳಗಿಳಿಯುವುದು.

ಈ ಲಕ್ಷಣಗಳಿದ್ದಾಗ ಮುಂದಿನ ಊರಿನವರೆಗೆ ನಿಧಾನವಾಗಿ ಹೋಗಬಹುದೆಂದು ಭಾವಿಸಿ ಆಗುಂಬೆ, ಚಾರ್ಮಾಡಿ ಅಥವಾ ಶಿರಾಡಿಯಂತಹ ಘಟ್ಟಗಳನ್ನು ಇಳಿಯುವುದು ಅತ್ಯಂತ ಅಪಾಯಕಾರಿ. ಪ್ರಯಾಣಿಕರನ್ನು ಇಳಿಸಿ, ಚಕ್ರಗಳಿಗೆ ಕಲ್ಲು ಇಟ್ಟು, ಎಚ್ಚರಿಕೆಯ ತ್ರಿಕೋನವನ್ನು ಇರಿಸಿ ನೆರವು ಪಡೆಯಬೇಕು.

ದುರಸ್ತಿ ಮತ್ತು ತಪಾಸಣೆ

ಗ್ಯಾರೇಜಿಗೆ ಹೋಗುವ ಮುನ್ನ ಶಬ್ದ ಯಾವ ವೇಗದಲ್ಲಿ, ಯಾವ ಗೇರಿನಲ್ಲಿ, ಆಕ್ಸಲರೇಟರ್ ಒತ್ತಿದಾಗ ಅಥವಾ ಬಿಟ್ಟಾಗ, ಯಾವ ಬದಿಗೆ ತಿರುಗಿದಾಗ ಬರುತ್ತದೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗುವುದು ಉಪಯುಕ್ತ. ಮೆಕ್ಯಾನಿಕ್‌ರೊಂದಿಗೆ ಒಮ್ಮೆ ವಾಹನ ಓಡಿಸಿ ಶಬ್ದವನ್ನು ಕೇಳಿಸಿದ ನಂತರವೇ ಭಾಗಗಳನ್ನು ಬಿಚ್ಚಲು ಒಪ್ಪಿಗೆ ನೀಡಬೇಕು. ಕ್ರೌನ್ ವೀಲ್ ಮತ್ತು ಪಿನಿಯನ್ ಅನ್ನು ಯಾವಾಗಲೂ ಜೋಡಿಯಾಗಿಯೇ ಬದಲಾಯಿಸತಕ್ಕದ್ದು. ಬದಲಾಯಿಸಿದ ಹಳೆಯ ಭಾಗಗಳನ್ನು ಕೇಳಿ ಪಡೆದು ನೋಡುವುದರಿಂದ ದೋಷದ ಮೂಲ ಅದೇ ಆಗಿತ್ತೇ ಎಂಬುದು ಮನವರಿಕೆಯಾಗುತ್ತದೆ.

ಮೋಟಾರು ವಾಹನಗಳ ಅಧಿನಿಯಮ, 1988ರ ಪ್ರಕಾರ ಸಾರಿಗೆಯೇತರ ವಾಹನದ ನೋಂದಣಿಯು 15 ವರ್ಷಗಳವರೆಗೆ ಮಾನ್ಯವಾಗಿದ್ದು, ನಂತರ ಐದು ವರ್ಷಗಳ ಅವಧಿಗೆ ನವೀಕರಿಸಬೇಕಾಗುತ್ತದೆ. ಪ್ರವಾಸಿಗರನ್ನು ಬಾಡಿಗೆಗೆ ಕರೆದೊಯ್ಯುವ ಜೀಪುಗಳು ಸಾರಿಗೆ ವಾಹನಗಳಾಗಿದ್ದು, ಇವುಗಳಿಗೆ ಅರ್ಹತಾ ಪತ್ರ ಕಡ್ಡಾಯ. ತಪಾಸಣೆಯ ದಿನದಂದು ವಾಹನ ಸುಸ್ಥಿತಿಯಲ್ಲಿದ್ದರೆ ಸಾಲದು. ಎರಡು ತಪಾಸಣೆಗಳ ನಡುವಿನ ಅವಧಿಯಲ್ಲಿ ಒಂದು ಜಾಯಿಂಟ್ ಸಂಪೂರ್ಣ ಸವೆದು ಹೋಗಬಹುದು. ಆ ಅವಧಿಯಲ್ಲಿ ವಾಹನದ ಸ್ಥಿತಿಯನ್ನು ಬಲ್ಲವರು ಪ್ರತಿದಿನ ಅದನ್ನು ಓಡಿಸುವ ಚಾಲಕರು ಮಾತ್ರ. ಆದ್ದರಿಂದ ಹೊಸದಾಗಿ ಕೇಳಿಬಂದ ಯಾವುದೇ ಶಬ್ದವನ್ನು ಚಾಲಕರು ಅದೇ ದಿನ ಮಾಲೀಕರ ಗಮನಕ್ಕೆ ತರುವುದು, ಮತ್ತು ಮಾಲೀಕರು ಅದರ ಮೂಲ ತಿಳಿಯುವವರೆಗೆ ವಾಹನವನ್ನು ಘಟ್ಟದ ರಸ್ತೆಗೆ ಕಳುಹಿಸದಿರುವುದು ಅವಶ್ಯಕವಾಗಿರುತ್ತದೆ.